ಆಪರೇಷನ್ ಕೆಟ್ಟಿದೆ ಅನ್ನಿಸ್ತಿದೆ, ಮುಂದೇನು? ತುಮಕೂರು ಕಡೆಯವರು ಅನುಭವ ಹೇಳಿ

ಗುಬ್ಬಿ ಹುಡುಗಿ: ಅಮ್ಮನಿಗೆ ಮೂರು ತಿಂಗಳ ಹಿಂದೆ ಖಾಸಗಿ ನರ್ಸಿಂಗ್ ಹೋಮಿನಲ್ಲಿ ಗರ್ಭಕೋಶ ತೆಗೆದರು. ಮನೆಗೆ ಬಂದ ಮೇಲೆ ಮೂತ್ರ ತಾನಾಗೇ ಸೋರಲು ಶುರುವಾಯಿತು. ಬೆಂಗಳೂರಲ್ಲಿ ತೋರಿಸಿದರೆ ಮೂತ್ರಕೋಶಕ್ಕೆ ತೂತಾಗಿದೆ, ಇನ್ನೊಂದು ಆಪರೇಷನ್ ಬೇಕು ಅಂದರು. ಇಲ್ಲಿನ ಡಾಕ್ಟರು 'ಇದೆಲ್ಲ ಆಗುತ್ತಮ್ಮ, ಸಹಿ ಹಾಕಿದ್ದೀರಲ್ಲ' ಅಂತಾರೆ. ಕೇಸ್ ಶೀಟ್ (ಚಿಕಿತ್ಸೆಯ ದಾಖಲೆ) ಕೇಳಿದರೆ ನಾಳೆ ಬನ್ನಿ ಅಂತಾರೆ. ಗ್ರಾಹಕರ ಕೋರ್ಟಾ, ಪೊಲೀಸಾ, ಸುಮ್ಮನಿರೋದಾ?

ತಿಪಟೂರು ತೆಂಗು: ಸುಮ್ಮನೆ ಬಿಡಬೇಡಿ ತಂಗಿ. ನಮ್ಮಪ್ಪನಿಗೆ ಪಿತ್ತಕೋಶದಲ್ಲಿ ಕಲ್ಲು ಅಂತ ಆಪರೇಷನ್ ಮಾಡಿ ಪಿತ್ತನಾಳವನ್ನೇ ಕತ್ತರಿಸಿದರು. ಕಣ್ಣೆಲ್ಲ ಅರಿಶಿನ. 'ಗ್ಯಾಸು, ಸರಿ ಹೋಗುತ್ತೆ' ಅಂತ ಗ್ಲೂಕೋಸ್ ಏರಿಸಿಕೊಂಡು ಕೂತರು. ಕೊನೆಗೆ ನಾವೇ ರಾತ್ರೋರಾತ್ರಿ ಬೆಂಗಳೂರಿಗೆ ಹೊರಟೆವು. ಆಂಬುಲೆನ್ಸಿಗೆ 9,500. ಅಡ್ವಾನ್ಸ್ ಒಂದು ಲಕ್ಷ. ಒಟ್ಟು ಬಿಲ್ಲು 6,82,000, ಮಾತ್ರೆ ಔಷಧಿ ಬೇರೆ. ಎರಡು ವರ್ಷದ ಕೊಬ್ಬರಿ ದುಡ್ಡು, ಹೆಂಡತಿಯ ಎರಡೆಳೆ ಸರ, ಎಲ್ಲ ಅದಕ್ಕೇ ಹೋಯಿತು.

ನಮಗೂ ಕೇಸ್ ಶೀಟ್ ಕೊಡದೆ ಸತಾಯಿಸಿದರು. ಬಾಯಲ್ಲಿ ಕೇಳಿದರೆ ಯಾರೂ ಕೊಡಲ್ಲ. ಬರೆದು ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಜೋಪಾನ. ಕೇಳಿದ 72 ಗಂಟೆಯೊಳಗೆ ಕೊಡಬೇಕು ಅಂತ ಮೆಡಿಕಲ್ ಕೌನ್ಸಿಲಿನ 2002ರ ನಿಯಮದಲ್ಲೇ ಇದೆ. ಬಂದ ಮೇಲೆ ನೋಡಿದರೆ ನರ್ಸ್ ಚಾರ್ಟಿನಲ್ಲಿ ರಾತ್ರಿ 2 ಗಂಟೆ, 3 ಗಂಟೆ, 4 ಗಂಟೆ, ಎಲ್ಲದಕ್ಕೂ ಬಿಪಿ 120/80. ಒಂದೇ ಪೆನ್ನು, ಒಂದೇ ಕೈಬರಹ. 2 ಗಂಟೆಗೆ ನಾವು ಬೆಂಗಳೂರು ದಾರಿಯ ಡಾಬಸ್‌ಪೇಟೆ ಹತ್ತಿರ ಇದ್ದೆವು ಸ್ವಾಮಿ! ಬೆಂಗಳೂರಿನ ಅಡ್ಮಿಷನ್ ಚೀಟಿಯಲ್ಲಿ 3.10 ಅಂತ ಅಚ್ಚಾಗಿದೆ. ಆ ಒಂದು ಹಾಳೆಯಿಂದಲೇ ಗ್ರಾಹಕರ ಕೋರ್ಟಿನಲ್ಲಿ ಕೇಸ್ ಗೆದ್ದೆವು. 7 ಲಕ್ಷ, ಮೇಲೆ ಬಡ್ಡಿ ಅಂತ ಆರ್ಡರ್ ಆಗಿದೆ. ಈಗ ಅವರು ಸ್ಟೇಟ್ ಕಮಿಷನ್ನಿಗೆ (ರಾಜ್ಯ ಗ್ರಾಹಕರ ಆಯೋಗ) ಅಪೀಲು ಹೋಗಿದ್ದಾರೆ. ಹೋಗಲಿ. ಅಪೀಲಿಗೆ ಅರ್ಧ ದುಡ್ಡು ಕಟ್ಟಲೇಬೇಕು.

ಶಿರಾ ಕಡ್ಲೆಕಾಯಿ: ಸ್ಟೇಷನ್ ಮೆಟ್ಟಿಲು ಮಾತ್ರ ಹತ್ತಬೇಡಿ. ನಮ್ಮ ಚಿಕ್ಕಪ್ಪನ ಮಗ, 34 ವರ್ಷ. ಜ್ವರ ಅಂತ ಇಂಜೆಕ್ಷನ್ ಹಾಕಿಸಿಕೊಂಡವನು ಕ್ಲಿನಿಕ್ಕಿನ ಬೆಂಚಿನ ಮೇಲೇ ಹೋದ. ಪೊಲೀಸರು ಯುಡಿಆರ್ (ಅಸಹಜ ಸಾವಿನ ವರದಿ) ಮಾಡಿದರು, ಅಷ್ಟೇ. ಎಫ್‌ಐಆರ್ ಹಾಕಿ ಅಂದರೆ ಜೇಕಬ್ ಮ್ಯಾಥ್ಯೂ ಕೇಸು ಅಂತ ಸುಪ್ರೀಂ ಕೋರ್ಟಿನ 2005ರ ತೀರ್ಪು ಓದಿಸಿದರು. ಡಾಕ್ಟರ ಮೇಲೆ ಕ್ರಿಮಿನಲ್ ಕೇಸು ಬೇಕಾದರೆ ಘೋರ ನಿರ್ಲಕ್ಷ್ಯ ಅಂತ ತೋರಿಸಬೇಕು, ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಬೇಕು, ಅದೂ ಆದಷ್ಟೂ ಸರ್ಕಾರಿ ಡಾಕ್ಟರದ್ದು. ಆ ಅಭಿಪ್ರಾಯಕ್ಕೆ, ವಿಸೆರಾ (ಶವದ ಒಳ ಅಂಗಗಳ ಲ್ಯಾಬ್ ಪರೀಕ್ಷೆ) ರಿಪೋರ್ಟಿಗೆ ಕಾದು ಕಾದು ಚಿಕ್ಕಮ್ಮ ಹಾಸಿಗೆ ಹಿಡಿದರು. ಕಾರು ಬಾಡಿಗೆ, ಊಟ, ಜೆರಾಕ್ಸ್, 'ಟೀ ಕಾಸು' ಎಲ್ಲ ಸೇರಿ 60 ಸಾವಿರ ದಾಟಿತು. ಬಂದ ರಿಪೋರ್ಟ್: ಸಾವಿನ ಕಾರಣ ಖಚಿತವಾಗಿ ಹೇಳಲಾಗದು.

ಆಮೇಲೆ ಗೊತ್ತಾಗಿದ್ದು, ಆ ಮನುಷ್ಯ ಡಾಕ್ಟರೇ ಅಲ್ಲ. ಖಾಸಗಿ ಕ್ಲಿನಿಕ್ಕಿಗೆ ಬೇಕಾದ ಕೆಪಿಎಂಇ ನೋಂದಣಿಯೂ ಇಲ್ಲ. ಡಿಎಚ್‌ಒ (ಜಿಲ್ಲಾ ಆರೋಗ್ಯಾಧಿಕಾರಿ) ಆಫೀಸಿನವರು ಬೀಗ ಹಾಕಿದರು. ಈಗ ಪಕ್ಕದ ಹೋಬಳಿಯಲ್ಲಿ ಅದೇ ಟೇಬಲ್ಲು, ಅದೇ ಸ್ಟೂಲು, ಹೊಸ ಬೋರ್ಡು.

ನೈಟ್ ಡ್ಯೂಟಿ: ನಾನು ಹದಿನೈದು ವರ್ಷದಿಂದ ಸ್ಟಾಫ್ ನರ್ಸ್. ಆಪರೇಷನ್ ಆದ ಮೇಲೆ ತೊಂದರೆ ಆಯಿತು ಅಂದ ಮಾತ್ರಕ್ಕೆ ಡಾಕ್ಟರ ತಪ್ಪು ಅಂತ ಯಾವ ಕೋರ್ಟೂ ಹೇಳಿಲ್ಲ. ಗರ್ಭಕೋಶ, ಮೂತ್ರಕೋಶ ಅಂಟಿಕೊಂಡೇ ಇರುತ್ತವೆ. ಹಿಂದೆ ಸಿಸೇರಿಯನ್ ಆಗಿದ್ದರೆ ಇನ್ನೂ ಕಷ್ಟ. ನಮ್ಮಲ್ಲಿ ಒಬ್ಬ ಹುಡುಗನಿಗೆ ಅರಿವಳಿಕೆ ಕೊಡುವ ಮೊದಲು 'ಏನೂ ತಿಂದಿಲ್ಲ ತಾನೇ' ಅಂತ ಸಾರಿ ಸಾರಿ ಕೇಳಿದೆವು. ಇಲ್ಲ ಅಂದರು. ಟೇಬಲ್ ಮೇಲೆ ವಾಂತಿ ಮಾಡಿಕೊಂಡ. ನೋಡಿದರೆ ಇಡ್ಲಿ. ವಾಂತಿ ಶ್ವಾಸಕೋಶಕ್ಕೆ ಇಳಿದು ವೆಂಟಿಲೇಟರಿಗೆ ಹೋದ, ಪುಣ್ಯಕ್ಕೆ ಬದುಕಿದ. ಅಷ್ಟರಲ್ಲಿ ಸಂಬಂಧಿಕರು ರಿಸೆಪ್ಷನ್ ಗಾಜು ಒಡೆದು ನನ್ನ ಜಡೆ ಹಿಡಿದು ಎಳೆದಿದ್ದರು. ಇಡ್ಲಿ ತಿನ್ನಿಸಿದ ಅಜ್ಜಿಯ ಮೇಲೆ ಯಾರು ಕೇಸ್ ಹಾಕಬೇಕು?

ತಿಪಟೂರು ತೆಂಗು: ಅಜ್ಜಿ ಕಥೆ ಚೆನ್ನಾಗಿದೆ ಸಿಸ್ಟರ್. ಇಲ್ಲದ ಪೇಷಂಟಿಗೆ 4 ಗಂಟೆಗೆ ಬಿಪಿ ನೋಡಿದ್ದು ಯಾರು, ಅದನ್ನ ಹೇಳಿ. ಸಹಿ ಹಾಕಿರೋದು ಆಪರೇಷನ್ನಿಗೆ, ನಿರ್ಲಕ್ಷ್ಯಕ್ಕಲ್ಲ.

ನೈಟ್ ಡ್ಯೂಟಿ: ಮೂವತ್ತು ಬೆಡ್ಡಿಗೆ ಇಬ್ಬರು ನರ್ಸ್ ಇಟ್ಟರೆ ಹಾಗೇ ಆಗೋದು. ನಮ್ಮ ಸಂಬಳ ಎಷ್ಟು ಅಂತ ಕೇಳಿದ್ದೀರಾ ಯಾವತ್ತಾದರೂ?

ಮಧುಗಿರಿ ಬೆಟ್ಟ: ಕೋರ್ಟು ಕಚೇರಿ ಎಲ್ಲ ಟೈಂ ವೇಸ್ಟ್. ಹೆಂಡತಿಗೆ ಸಿಸೇರಿಯನ್ ಆದಾಗ ಹೊಟ್ಟೆಯೊಳಗೆ ಬಟ್ಟೆ ಬಿಟ್ಟಿದ್ದರು. ಸ್ಕ್ಯಾನಿಂಗ್ ರಿಪೋರ್ಟ್ ಹಿಡಿದು ನಾನು, ನಮ್ಮ ಮಾವ ಹೋಗಿ ಕೂತೆವು. ಕೂಗಾಡಲಿಲ್ಲ. 50 ಸಾವಿರದಿಂದ ಶುರು ಮಾಡಿದರು. ಎದ್ದು ಬಂದೆವು. ಲಾಯರ್ ನೋಟಿಸ್ ಹೋದ ಮೇಲೆ ಅವರೇ ಫೋನ್ ಮಾಡಿದರು. ಎರಡನೇ ಆಪರೇಷನ್ನಿನ 1,90,000 ಪೂರ್ತಿ, ಮೇಲೆ ಎರಡೂವರೆ ಲಕ್ಷ. ಚೆಕ್ ಪಾಸಾದ ಮೇಲೇ ಸಹಿ ಹಾಕಿದ್ದು. ಮಗಳ ಹೆಸರಲ್ಲಿ ಎಫ್‌ಡಿ ಇದೆ.

ತಿಪಟೂರು ತೆಂಗು: ನಿಮ್ಮಂಥವರು ದುಡ್ಡು ತಗೊಂಡು ಬಾಯಿ ಮುಚ್ಚಿಕೊಂಡಿದ್ದಕ್ಕೇ ಅವರು ಇನ್ನೊಬ್ಬರ ಹೊಟ್ಟೆ ಕೊಯ್ತಿರೋದು. ಬಟ್ಟೆ ಬಿಟ್ಟ ಕೇಸಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಕಣ್ಣು ಮುಚ್ಚಿಕೊಂಡು ಗೆಲ್ಲಬಹುದಿತ್ತು.

ಮಧುಗಿರಿ ಬೆಟ್ಟ: ನಿಮ್ಮ ಏಳು ಲಕ್ಷದಲ್ಲಿ ಕೈಗೆ ಬಂದಿದ್ದೆಷ್ಟು ಗುರು? ನನ್ನ ದುಡ್ಡು ಬ್ಯಾಂಕಲ್ಲಿದೆ, ನಿಮ್ಮದು ಪೇಪರಲ್ಲಿದೆ.

ಪಾವಗಡದಕ್ಕ: ನಿಮಗೆಲ್ಲ ಬಿಲ್ಲಾದರೂ ಇತ್ತು. ನನ್ನದು ಸರ್ಕಾರಿ ಕ್ಯಾಂಪು. ಸಂತಾನಹರಣ ಆಪರೇಷನ್ ಮಾಡಿಸಿಕೊಂಡ ಮೇಲೂ ಮೂರನೆಯ ಗರ್ಭ ನಿಂತಿತು. ಅತ್ತೆ ಮನೆಯಲ್ಲಿ ಏನೇನು ಮಾತು ಕೇಳಿದೆ ಅಂತ ಬರೆಯಲ್ಲ ಬಿಡಿ. ಎಲ್ಲರಿಗೂ ಪುಕ್ಕಟೆ ಚಿಕಿತ್ಸೆ ಕೊಡೋ ಆಸ್ಪತ್ರೆ ಗ್ರಾಹಕರ ಕಾನೂನಿಗೆ ಬರಲ್ಲ ಅಂತ 1995ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆಯಂತೆ. ಆಪರೇಷನ್ ಫೇಲಾದ ಮಾತ್ರಕ್ಕೆ ನಿರ್ಲಕ್ಷ್ಯ ಅಲ್ಲ ಅಂತ 2005ರದ್ದು ಇನ್ನೊಂದು. ಕೊನೆಗೆ ಸರ್ಕಾರದ ಪರಿಹಾರ ಅಂತ 30,000 ಬಂತು. ಅದಕ್ಕೂ ಗೊತ್ತಾದ 90 ದಿನದೊಳಗೆ ಅರ್ಜಿ ಹಾಕಬೇಕು, ಆಶಾ ಕಾರ್ಯಕರ್ತೆ ಓಡಾಡಿದ್ದಕ್ಕೆ ಆಯಿತು. ಆ ಮಗಳು ಈಗ ನಾಲ್ಕನೇ ಕ್ಲಾಸು, ಮನೆಯಲ್ಲಿ ಎಲ್ಲರಿಗಿಂತ ಜೋರು.

ಶಿರಾ ಕಡ್ಲೆಕಾಯಿ: ತೆಂಗು ಅವರೇ, ಲಾಯರಿಗೆ ಎಷ್ಟು ಕೊಟ್ಟಿರಿ? ಅದನ್ನ ಬರೆದೇ ಇಲ್ಲ.

ತಿಪಟೂರು ತೆಂಗು: ಮೊದಲು 40 ಸಾವಿರ. ಬಂದಿದ್ದರಲ್ಲಿ ಹತ್ತು ಪರ್ಸೆಂಟ್ ಆಮೇಲೆ.

ಶಿರಾ ಕಡ್ಲೆಕಾಯಿ: ಪರ್ಸೆಂಟ್ ಲೆಕ್ಕದಲ್ಲಿ ಫೀಸು ತಗೊಳ್ಳೋದು ಬಾರ್ ಕೌನ್ಸಿಲ್ ನಿಯಮಕ್ಕೇ ವಿರುದ್ಧ. ಡಾಕ್ಟರ ತಪ್ಪು ಹುಡುಕಿದಿರಿ, ಲಾಯರ್ ತಪ್ಪು ಕಾಣಲಿಲ್ವಾ?

ತಿಪಟೂರು ತೆಂಗು: ಬೆಂಗಳೂರು ಲಾಯರ್ ಲಕ್ಷ ಕೇಳಿದ್ದ. ತುಮಕೂರಿನವರು ಮನೆಯವರ ಹಾಗೆ ನಿಂತರು. ಗೊತ್ತಿಲ್ಲದೆ ಮಾತಾಡಬೇಡಿ.

ಗುಬ್ಬಿ ಹುಡುಗಿ: ಎಲ್ಲರಿಗೂ ಥ್ಯಾಂಕ್ಸ್. ನಮ್ಮ ಹತ್ತಿರ 40 ಸಾವಿರ ಇಲ್ಲ. ಎಷ್ಟು ದಿನ ಟೈಂ ಇದೆ?

ಪಾವಗಡದಕ್ಕ: ಗ್ರಾಹಕರ ಆಯೋಗಕ್ಕೆ, ಅಂದರೆ ಗ್ರಾಹಕರ ಕೋರ್ಟಿಗೆ, 2 ವರ್ಷ ಇದೆ ಕಣಮ್ಮ. ಆಸ್ಪತ್ರೆಗೆ ಕಟ್ಟಿದ್ದು 5 ಲಕ್ಷದ ಒಳಗಿದ್ದರೆ ಕೋರ್ಟ್ ಫೀಸೂ ಇಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಲಾಯರ್ ಪುಕ್ಕಟೆ ಕೊಡ್ತಾರೆ, ಹೆಣ್ಣುಮಕ್ಕಳಿಗೆ ಆದಾಯ ಕೇಳಲ್ಲ. ಅಮ್ಮನ ಹೆಸರಲ್ಲೇ ಅರ್ಜಿ ಹಾಕು. ಮೊದಲು ಅಮ್ಮನ ಎರಡನೇ ಆಪರೇಷನ್ ನೋಡು.

ತಿಪಟೂರು ತೆಂಗು: ಪುಕ್ಕಟೆ ಲಾಯರ್ ಡೇಟಿಗೇ ಬರಲ್ಲ.

ಪಾವಗಡದಕ್ಕ: ನನಗೆ ಬಂದಿದ್ದರು. ನಿಮ್ಮ ಪರ್ಸೆಂಟ್ ಲಾಯರ್ ಅಪೀಲಿನ ಡೇಟಿಗೆ ಬರ್ತಾರಾ, ಅದನ್ನ ವಿಚಾರಿಸಿಕೊಳ್ಳಿ.