ಹೊಲದಲ್ಲಿ ದನಕರುಗಳಿಗೆ ಸೋಲಾರ್ ನೀರು: ಮಾಡಿಸಿದವರು ತಿಳಿಸಿ

ಹಿರಿಯೂರು ಸೀಮೆ. ಊರಿನಿಂದ ಎರಡು ಕಿಲೋಮೀಟರ್ ದೂರದ ಹೊಲದಲ್ಲಿ ಎಂಟು ಹಸು, ನಲವತ್ತು ಕುರಿ ಇವೆ. ಕೊಳವೆಬಾವಿಯಲ್ಲಿ ನೀರು 120 ಅಡಿಗೆ ಸಿಗುತ್ತದೆ, ಆದರೆ ಕರೆಂಟಿನ ಕಂಬ ಹತ್ತಿರದಲ್ಲೆಲ್ಲೂ ಇಲ್ಲ. ಸೋಲಾರ್ ಹಾಕಿಸಿದರೆ ಬ್ಯಾಟರಿಯೂ ಬೇಕೇ? ಎಷ್ಟು ಎಚ್‌ಪಿ ಮೋಟಾರು?

ಶಿರಾ ಕಡೆಯಿಂದ:
ಮೊದಲು ಎಷ್ಟು ನೀರು ಬೇಕೆಂದು ಲೆಕ್ಕ ಹಾಕಿ. ಬೇಸಿಗೆಯಲ್ಲಿ ಹಾಲು ಕರೆಯುವ ಹಸು 80 ಲೀಟರ್ ಕುಡಿಯಬಹುದು, ಕುರಿಗೆ ಐದಾರು ಲೀಟರ್ ಸಾಕು. ನಿಮಗೆ ದಿನಕ್ಕೆ ಸಾವಿರ ಲೀಟರ್ ಎಂದಿಟ್ಟುಕೊಳ್ಳಿ. ಅಷ್ಟನ್ನು 1 ಎಚ್‌ಪಿ ಮೋಟಾರು ಒಳ್ಳೆಯ ಬಿಸಿಲಿನಲ್ಲಿ ಒಂದು ಗಂಟೆಯೊಳಗೆ ಎತ್ತುತ್ತದೆ. ನನಗೆ ಮಾರಾಟಗಾರರು 5 ಎಚ್‌ಪಿ ಹೊರಿಸಲು ನೋಡಿದ್ದರು; ನೀರಾವರಿಗೆ ಅದು ಸರಿ, ದನದ ತೊಟ್ಟಿಗೆ ಯಾಕೆ? ಬ್ಯಾಟರಿ ಬೇಡವೇ ಬೇಡ. ಆ ದುಡ್ಡಿನಲ್ಲಿ ಮೂರು ಸಾವಿರ ಲೀಟರ್ ಟ್ಯಾಂಕನ್ನು ನಾಲ್ಕಡಿ ಕಟ್ಟೆಯ ಮೇಲೆ ಕೂರಿಸಿ. ಆಷಾಢದಲ್ಲಿ ನಮ್ಮ ಕಡೆ ಮೋಡ ಮಾತ್ರ, ಮಳೆಯಿಲ್ಲ. ಆಗ ಮೂರು ದಿನ ಕಾಯುವುದು ಆ ಟ್ಯಾಂಕೇ.

ಪ್ಯಾನೆಲ್ಲುಗಳನ್ನು ದಕ್ಷಿಣಕ್ಕೆ ಮುಖ ಮಾಡಿ, 15 ಡಿಗ್ರಿಯಷ್ಟು ಓರೆಯಾಗಿ ನಿಲ್ಲಿಸಿ. ಒಂದು ಕೊಂಬೆಯ ನೆರಳು ಅಡ್ಡ ಬಿದ್ದರೂ ಮೋಟಾರು ಏದುಸಿರು ಬಿಡುತ್ತದೆ. ಬೆಳಗ್ಗೆ ತಂಪು ಹೊತ್ತಿನಲ್ಲೇ ತೊಳೆಯಿರಿ, ಕಾದ ಗಾಜಿಗೆ ತಣ್ಣೀರು ಎರಚಬೇಡಿ. ಬೋರಿನ ಗಡಸು ನೀರಾದರೆ ಕೂಡಲೇ ಬಟ್ಟೆಯಿಂದ ಒರೆಸಿ, ಇಲ್ಲದಿದ್ದರೆ ಬಿಳಿ ಕಲೆ ಕೂರುತ್ತದೆ.

ಕುಷ್ಟಗಿಯಿಂದ:
ಬೇಲಿ ಹಾಕದೆ ಪ್ಯಾನೆಲ್ ನಿಲ್ಲಿಸಬೇಡಿ. ನಮ್ಮ ಎಮ್ಮೆ ಕಂಬಕ್ಕೆ ಮೈ ತಿಕ್ಕಿ ತಿಕ್ಕಿ ಬೋಲ್ಟು ಸಡಿಲಿಸಿತು. ಮೇಕೆಗಳಂತೂ ಮೇಲೆಯೇ ಹತ್ತಿ ನಿಂತವು.

ಚಳ್ಳಕೆರೆಯಿಂದ:
ನಾನು ಕಲಿತದ್ದು ಮೋಟಾರು ಸುಟ್ಟ ಮೇಲೆ, ಅಕ್ಕಪಕ್ಕದವರಿಗೆಲ್ಲ ಹೇಳುತ್ತಿದ್ದೇನೆ. ಏಪ್ರಿಲ್‌ನಲ್ಲಿ ಬೋರಿನ ನೀರು ಇಳಿದಿತ್ತು. ಸೂರ್ಯ ಬಂದೊಡನೆ ಮೋಟಾರು ತಾನಾಗಿ ಓಡುತ್ತದೆ, ಕೇಳುವವರು ಯಾರೂ ಇರಲಿಲ್ಲ. ಬೋರಿನಲ್ಲಿ ನೀರಿಲ್ಲದಾಗ ಮೋಟಾರನ್ನು ತಾನೇ ನಿಲ್ಲಿಸುವ ಕಂಟ್ರೋಲರ್ ಇಲ್ಲದ ಸೆಟ್ಟನ್ನು ಪುಕ್ಕಟೆ ಕೊಟ್ಟರೂ ತರಬೇಡಿ. ಟ್ಯಾಂಕ್ ತುಂಬಿದಾಗಲೂ ಮೋಟಾರು ನಿಲ್ಲಬೇಕು. ಇನ್ನು, ತೊಟ್ಟಿಯ ಒಳಗೋಡೆಗೆ ತಿಂಗಳಿಗೆರಡು ಸಲ ಸುಣ್ಣ ಬಳಿಯಿರಿ, ಪಾಚಿ ಕಟ್ಟುವುದಿಲ್ಲ. ತೊಟ್ಟಿ ತುಂಬಿದಾಗ ತೇಲುವ ಚೆಂಡಿನಿಂದ ನೀರು ನಿಲ್ಲಿಸುವ ಫ್ಲೋಟ್ ವಾಲ್ವಿಗೆ ಕಬ್ಬಿಣದ ಮುಚ್ಚಳ ಹಾಕಿಸಿ. ನಮ್ಮ ಹೋರಿಗೆ ಆ ಚೆಂಡು ಆಟಿಕೆಯಾಗಿತ್ತು.

ಕೇಳಿದವರು:
ಎಲ್ಲರಿಗೂ ನಮಸ್ಕಾರ. ಬೋರಿನ ಪಕ್ಕದಲ್ಲೇ ದೊಡ್ಡ ಬೇವಿನ ಮರವಿದೆ. ಅಪ್ಪ ಕಡಿಯಲು ಒಪ್ಪುವುದಿಲ್ಲ.

ಶಿರಾ ಕಡೆಯಿಂದ:
ಕಡಿಯಲೇಬೇಡಿ. ಪ್ಯಾನೆಲ್ಲನ್ನು ಮೂವತ್ತು ಮೀಟರ್ ಆಚೆ ಬಯಲಿಗೆ ಹಾಕಿ, ವೈರು ಸ್ವಲ್ಪ ದಪ್ಪದ್ದಿರಲಿ. ತೊಟ್ಟಿಯನ್ನು ಮರದ ಕೆಳಗೇ ಕಟ್ಟಿಸಿ. ಬಿಸಿಲಿಗೆ ಕಾದ ನೀರನ್ನು ಹಸು ಮೂಸಿ ನೋಡಿ ಹಿಂದೆ ಸರಿಯುತ್ತದೆ.