ಸಹಾಯ ಬೇಕು: ಮೊದಲ ಸ್ಮಾರ್ಟ್ ಕಾಂಟ್ರ್ಯಾಕ್ಟ್ ಸೆಪೋಲಿಯಾದಲ್ಲಿ ಹಾಕಲು ಆಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮದು ಮೂಡಿಗೆರೆ ಹತ್ತಿರದ ಹಳ್ಳಿ. ಕೊಯ್ಲಿನ ದಿನಗಳಲ್ಲಿ ಯಾರು ಎಷ್ಟು ಕೆಜಿ ಕಾಫಿ ಹಣ್ಣು ಕುಯ್ದರು ಎಂದು ಅಪ್ಪ ನೋಟ್‌ಪುಸ್ತಕದಲ್ಲಿ ಬರೆದಿಡುತ್ತಾರೆ. ಆ ಲೆಕ್ಕವನ್ನೇ ಸ್ಮಾರ್ಟ್ ಕಾಂಟ್ರ್ಯಾಕ್ಟ್ ಆಗಿ, ಅಂದರೆ ಇಥೀರಿಯಂ ಎಂಬ ಬ್ಲಾಕ್‌ಚೈನ್ (ಹಲವು ಕಂಪ್ಯೂಟರ್‌ಗಳು ಹಂಚಿಕೊಂಡ ದಾಖಲೆ) ಮೇಲೆ ಓಡುವ ಪ್ರೋಗ್ರಾಂ ಆಗಿ, ಸಾಲಿಡಿಟಿ ಭಾಷೆಯಲ್ಲಿ ಬರೆದು ಕಲಿಯೋಣ ಎಂದು ಹೊರಟೆ. ಯಾರ ಹೆಸರನ್ನೂ ಹಾಕಿಲ್ಲ, ಆಳಿಗೊಂದು ಸಂಖ್ಯೆ ಅಷ್ಟೆ. ಚೈನ್ ಮೇಲೆ ಹೋದದ್ದನ್ನು ಯಾರು ಬೇಕಾದರೂ ಓದಬಹುದಲ್ಲ.

ಮೊದಲು ಎಡವಿದ್ದು 42.5 ಕೆಜಿಯ ಚೀಲದಲ್ಲಿ. ಸಾಲಿಡಿಟಿಯ ಪೂರ್ಣಾಂಕಕ್ಕೆ ದಶಮಾಂಶ ಒಗ್ಗುವುದಿಲ್ಲ. ಗ್ರಾಂಗೆ ಇಳಿದು 42500 ಎಂದು ಕೊಟ್ಟ ಮೇಲೆ ಒಪ್ಪಿತು. ಬ್ರೌಸರ್‌ನಲ್ಲೇ ಕೋಡ್ ಬರೆದು ನೋಡುವ ರೀಮಿಕ್ಸ್‌ನ ಒಳಗಿನ ವಿಎಂನಲ್ಲಿ (ಪ್ರಯೋಗಕ್ಕಿರುವ ಅಣಕು ಜಾಲ) ಈಗ ಎಲ್ಲವೂ ಸರಿಯಾಗಿ ಓಡುತ್ತಿದೆ.

ಮೆಟಾಮಾಸ್ಕ್ ಎಂಬ ವ್ಯಾಲೆಟ್ ಜೋಡಿಸಿ ಇಥೀರಿಯಂನ ಪರೀಕ್ಷಾ ಜಾಲವಾದ ಸೆಪೋಲಿಯಾಕ್ಕೆ ಹಾಕಲು ಹೋದರೆ ಮಾತ್ರ ಗ್ಯಾಸ್‌ಗೆ (ವಹಿವಾಟಿನ ಶುಲ್ಕಕ್ಕೆ) ಹಣವಿಲ್ಲ ಎನ್ನುತ್ತದೆ. ಜಾಲದ ಗುರುತಿನ ಸಂಖ್ಯೆ, ಅಂದರೆ ಚೈನ್ ಐಡಿ, 11155111 ಎಂದೇ ತೋರಿಸುತ್ತಿದೆ, ಜಾಲ ತಪ್ಪಿಲ್ಲ. ಪರೀಕ್ಷಾ ಈಥರ್ (ಈಥರ್ ಎಂದರೆ ಇಥೀರಿಯಂನ ನಾಣ್ಯ) ಹಂಚುವ ತಾಣ, ಅಂದರೆ ಒಂದು ಫಾಸೆಟ್‌ಗೆ ಹೋದೆ. ಅಸಲಿ ಜಾಲದಲ್ಲಿ ಸ್ವಲ್ಪ ಈಥರ್ ಇದ್ದವರಿಗೆ ಮಾತ್ರ ಎಂದಿತು. ಬೆಲೆಯಿಲ್ಲದ ನಾಣ್ಯ ಪಡೆಯಲು ಬೆಲೆಯಿರುವ ನಾಣ್ಯ ತೋರಿಸಬೇಕಂತೆ! ಈ ಷರತ್ತಿಲ್ಲದ ಫಾಸೆಟ್ ಬಳಸಿದವರಿದ್ದರೆ ದಯವಿಟ್ಟು ತಿಳಿಸಿ.

ಇನ್ನೊಂದು ಸಂದೇಹ. ತೂಕ ತಪ್ಪಾಗಿ ನಮೂದಾದರೆ ತಿದ್ದಲು ಈಗಲೇ ಒಂದು ಫಂಕ್ಷನ್ ಬರೆದಿಡಬೇಕೇ, ಅಥವಾ ಹಳೆಯದನ್ನು ಹಾಗೆಯೇ ಬಿಟ್ಟು ತಿದ್ದುಪಡಿಯನ್ನು ಹೊಸ ನಮೂದಾಗಿ ಸೇರಿಸುವುದು ವಾಡಿಕೆಯೇ? ಒಮ್ಮೆ ಹಾಕಿದ ಕೋಡನ್ನು ಬದಲಿಸಲು ಬರುವುದಿಲ್ಲ ಎಂದಾಗ ಅಪ್ಪ, "ಹಾಗಾದರೆ ನನ್ನ ಪೆನ್ಸಿಲ್ಲೇ ವಾಸಿ" ಎಂದರು. ಅವರಿಗೆ ಹೇಳಲು ನನ್ನ ಬಳಿ ಉತ್ತರವಿರಲಿಲ್ಲ.

ಉತ್ತರವನ್ನು ಇಲ್ಲಿಯೇ ಬರೆಯಿರಿ. ವ್ಯಾಲೆಟ್‌ನ ಗುಪ್ತ ಪದಗಳನ್ನು ಕೇಳುವವರು ದಯವಿಟ್ಟು ಬರುವುದು ಬೇಡ.