ಹೊಸ ಮಾಡಿನ ಸೂರಿಗೆ ಹಂಚಿನ ಅಡಿ ಏನು ಹಾಕಿದಿರಿ?

ತೀರ್ಥಹಳ್ಳಿಯವರು (ಪ್ರಶ್ನೆ): ಹಳೇ ಮನೆಯ ಅಡುಗೆಮನೆ ಪಕ್ಕ 12 ಅಡಿ ಮಾಡು (ಇಳಿಜಾರು ಚಾವಣಿ) ಇಳಿಸಿದ್ದೇವೆ. ಮಂಗಳೂರು ಹಂಚು. ಗಾಳಿಮಳೆಗೆ ನೀರು, ಮಾಡಿನ ನೀರು ಹಿಡಿಯುವ ದಂಬೆಗೆ ಬೀಳದೆ ಸೂರಂಚಿನ ಹಲಗೆ ಹಿಂದಿನಿಂದ ಗೋಡೆಗೆ ಇಳಿಯುತ್ತಿದೆ. ಕೊನೇ ಸಾಲಿನ ಅಡಿ ಶೀಟ್ ಕೊಡಬೇಕಂತೆ. ಯಾವುದು ಹಾಕಿದಿರಿ, ಎಷ್ಟಾಯ್ತು?

ಸಾಗರದವರು: ಪ್ಲಾಸ್ಟಿಕ್ ಮಾತ್ರ ಬೇಡ. ನಾನು ಹಾಕಿ ಕೆಟ್ಟವನು. 900 ರೂಪಾಯಿಗೆ ಮುಗೀತು ಅಂತ ಬೀಗಿದ್ದೆ. ಎರಡನೇ ಮಳೆಗಾಲಕ್ಕೆ ಹಲಗೆ ಹಿಂದೆ ಜೋತುಬಿದ್ದು ಜೋಳಿಗೆ ಆಯ್ತು. ನೀರು ನಿಂತು, ಮಾಡು ಹೊರುವ ಮರದ ಪಕಾಸಿನ ತುದಿ ಕೊಳೆತು ಲಡ್ಡು ಹಿಡಿಯಿತು. ಒತ್ತಿದರೆ ಬೆರಳು ಒಳಗೆ ಹೋಗುತ್ತಿತ್ತು, ಚಹಾದಲ್ಲಿ ನೆಂದ ರಸ್ಕಿನ ಹಾಗೆ. ಏಳು ಪಕಾಸಿಗೆ 14,300. ಆಮೇಲೆ 32 ಅಡಿಗೂ ಅಲ್ಯೂಮಿನಿಯಂ ಶೀಟ್, 2,600. ಇಬ್ಬರಿಗೆ ಒಂದೂವರೆ ದಿನದ ಕೂಲಿ 3,300. ತೆಗೆದು ಹಾಕುವಾಗ 23 ಹಂಚು ಒಡೆದವು, ತಲಾ 45. ಶೀಟಿನ ಕೆಳಂಚು ದಂಬೆಯೊಳಗೆ ಬಗ್ಗಿರಬೇಕು, ನೆನಪಿರಲಿ.

ಕುಂದಾಪುರದವರು: ಅಲ್ಯೂಮಿನಿಯಂ ಅಂದುಬಿಟ್ಟರೆ ಆಯ್ತಾ ಮಾರಾಯ್ರೆ? ಮೊಳೆ ಯಾವುದು? ನಮ್ಮಲ್ಲಿ ಕಬ್ಬಿಣದ್ದು ಹೊಡೆದಿದ್ದರು. ಉಪ್ಪುಗಾಳಿಗೆ ಮೂರೇ ವರ್ಷದಲ್ಲಿ ಮೊಳೆ ಸುತ್ತ ಶೀಟ್ ಬಿಳಿ ಪುಡಿಯಾಗಿ ತೂತು. ಎಲ್ಲ ಕಿತ್ತು ಸ್ಟೀಲ್ ಸ್ಕ್ರೂ, ರಬ್ಬರ್ ವಾಷರ್ ಹಾಕಿಸಿದೆ. ಅದಕ್ಕೇ 740! ಇನ್ನೊಂದು, ಹಂಚು ಕೂರುವ ಅಡ್ಡಪಟ್ಟಿ ಇದೆಯಲ್ಲ, ರೀಪು, ಅದರಲ್ಲಿ ಕೊನೇದು ಉಳಿದದ್ದಕ್ಕಿಂತ ಒಂದು ಹಂಚಿನ ದಪ್ಪ ಎತ್ತರ ಇರಬೇಕು. ಇಲ್ಲದಿದ್ದರೆ ಕೊನೇ ಸಾಲು ಮೂತಿ ಕೆಳಗೆ ಹಾಕಿ ಕೂರುತ್ತದೆ. ನಮ್ಮ ಬಡಗಿಗೆ ಇದು ಹೇಳಿ ಸಾಕಾಯ್ತು.

ಸಾಗರದವರು: ನಮ್ಮೂರು ಹೆಸರಿಗಷ್ಟೇ ಸಾಗರ. ಉಪ್ಪುಗಾಳಿ ಎಲ್ಲಿಂದ ಬರಬೇಕು? ಆರು ವರ್ಷ ಆಯ್ತು, ಒಂದು ಮೊಳೆ ಅಲ್ಲಾಡಿಲ್ಲ.

ಶಿರಸಿಯವರು: ಶೀಟೂ ಬೇಡ, ದಂಬೆಯೂ ಬೇಡ. ಸೂರು ಎರಡೂವರೆ ಅಡಿ ಹೊರಗೆ ಚಾಚಿ. ಅಜ್ಜನ ಕಾಲದಿಂದ ನಮ್ಮ ಗೋಡೆ ಒಣಗಿಯೇ ಇದೆ. ಮಳೆಗಾಲಕ್ಕೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತೇವೆ. ಖರ್ಚು ಸೊನ್ನೆ.

ಕುಂದಾಪುರದವರು: ಸೊನ್ನೆಯಾ? ಕಟ್ಟುವವರಿಗೆ ಕೂಲಿ ಕೊಡಲ್ವಾ? ಇಳಿಸಿದ ಮಾಡನ್ನು ಮತ್ತೆ ಚಾಚಿದರೆ ಸೂರು ಹಣೆಗೆ ಬಡಿಯುತ್ತದೆ.

ಶಿರಸಿಯವರು: ತಟ್ಟಿ ನಾನೇ ಕಟ್ಟೋದು. ನಮ್ಮ ಮನೆಗೆ ಎಲ್ಲರೂ ಬಗ್ಗಿಯೇ ಬರೋದು, ಬೇಕಾದರೆ ನೀವೂ ಬನ್ನಿ.

ತೀರ್ಥಹಳ್ಳಿಯವರು: ಹಂಚು ಒಡೆದರೆ ಹಳೇ ಅಳತೆಯದು ಸಿಗುತ್ತಾ?

ಸಾಗರದವರು: ಅಯ್ಯೋ, ಅದೇ ದೊಡ್ಡ ಗೋಳು. ಬೇರೆ ಕಾರ್ಖಾನೆ ಹಂಚಿನ ತೋಡು ನಮ್ಮದಕ್ಕೆ ಕೂರಲ್ಲ. 23 ಹಂಚಿಗೆ ಮೂರು ಊರು ತಿರುಗಿದೆ. ಕೊನೆಗೆ ಮನೆ ಕೆಡವುತ್ತಿದ್ದ ಒಬ್ಬರ ಹತ್ತಿರ ಸಿಕ್ಕಿತು. ಪೆಟ್ರೋಲ್ 600 ಬೇರೆ.

ಕೊಪ್ಪದವರು: ಎಲ್ಲ ಸರಿ, ಮಂಗ? ಹೋದ ವಾರ ನಮ್ಮ ಸೂರಿನ ಒಂದು ಸಾಲನ್ನೇ ಎತ್ತಿ ಅಂಗಳಕ್ಕೆ ಎಸೆದಿವೆ. 16 ಹಂಚು!

ಕುಂದಾಪುರದವರು: ಮಂಗದ್ದು ಬೇರೆ ಕೇಳಿ ಮಾರಾಯ್ರೆ. ಇಲ್ಲಿ ಮಾತು ನೀರಿಂದು.

ಕೊಪ್ಪದವರು: ಹಂಚು ಹೋದ ಜಾಗದಿಂದ ಬಂದದ್ದು ನೀರಲ್ವಾ?